ಉಪ್ಪು ತಿಂದು ನೀರು ಬಿಟ್ಟ ಪುಡಿ



ಈ ಸಲ ನಾನು ಹೇಳಹೊರಟಿರುವುದು ಅಡುಗೆಮನೆಯ ಸಮಾಚಾರವಲ್ಲ, ನಮ್ಮ ಅತ್ತೆಯವರ ಮಂಚದ ಪಕ್ಕದ್ದು. ಇಂಥದನ್ನೆಲ್ಲ ಪತ್ರಿಕೆಯಲ್ಲಿ ಬರೆಯುವುದೇ ಎಂದು ಮೊದಲು ಸಂಕೋಚಪಟ್ಟೆ. "ಬರಿಯೇ, ನನ್ನ ಹಾಗೆ ಮಲಗಿದೋರು ಎಷ್ಟು ಮನೇಲಿದಾರೋ" ಅಂತ ಅತ್ತೆಯವರೇ ಅಪ್ಪಣೆ ಕೊಟ್ಟ ಮೇಲೆ ಧೈರ್ಯ ಬಂತು.

ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ಮೊದಮೊದಲು ಹಳೇ ಸೀರೆ, ಪಂಚೆಗಳನ್ನು ಹರಿದು ಮಡಿಸಿ ಹಾಸುತ್ತಿದ್ದೆ. ದಿನಕ್ಕೆ ಎಷ್ಟು ಸಲ ಬದಲಾಯಿಸುವುದು, ಎಷ್ಟು ಒಗೆಯುವುದು! ಮಳೆಗಾಲದಲ್ಲಿ ಬಟ್ಟೆ ಒಣಗದೆ ಸಾಕುಸಾಕಾಗಿ, ಕೊನೆಗೆ ದೊಡ್ಡವರ ಡೈಪರ್ ತರಿಸಿದೆವು. ಕೈಗೆ ಬಿಡುವು ಸಿಕ್ಕಿತು. ಮುಟ್ಟಿ ನೋಡಿದರೆ ಮೇಲುಗಡೆ ಒಣಗಿದಂತೆಯೇ ಇರುತ್ತಿತ್ತು. ಒಂದೊಂದರ ಬೆಲೆಯೇನು ಕಡಿಮೆಯೇ? "ಒಣಗೇ ಇದೆಯಲ್ಲ, ಬೆಳಗಿನ ತನಕ ಇರಲಿ" ಅಂತ ರಾತ್ರಿಯೆಲ್ಲ ಒಂದರಲ್ಲೇ ಕಳೆಯತೊಡಗಿದೆ.

ಹದಿನೈದು ದಿನವಾಗಿರಬೇಕು. ಮೈ ಒರೆಸುವಾಗ ನೋಡುತ್ತೇನೆ, ತೊಡೆಸಂದಿಯಲ್ಲಿ ಚರ್ಮ ಕೆಂಪಾಗಿ ಸುಲಿದಿದೆ. ಅತ್ತೆಯವರು ಒಂದು ಮಾತೂ ಹೇಳಿರಲಿಲ್ಲ. ಮನೆಗೆ ಬಂದ ಡಾಕ್ಟರಮ್ಮ ನೋಡಿ, "ನೀರು ಎಷ್ಟು ಕುಡೀತಾರೆ?" ಅಂದರು. ಆಗಲೇ ನನಗೆ ಎರಡನೆಯ ಸಂಗತಿ ತಿಳಿದದ್ದು. ಸೊಸೆಗೆ ಕೆಲಸ ಕಡಿಮೆಯಾಗಲಿ ಅಂತ ಅತ್ತೆಯವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು! ನಾನಿಟ್ಟ ಚೊಂಬಿನ ನೀರನ್ನು ಮಗಳ ಕೈಲಿ ತುಳಸಿ ಕುಂಡಕ್ಕೆ ಹಾಕಿಸುತ್ತಿದ್ದರಂತೆ. ಆ ಹೊತ್ತು ನನಗಾದ ನೋವು ಹೇಳತೀರದು.

ಆ ವಾರವೇ, ಒಂಬತ್ತನೇ ತರಗತಿ ಓದುವ ಮಗಳು ಒಂದು ಹೊಸ ಡೈಪರ್ ಬೇಕೆಂದಳು. ಅವರ ಟೀಚರ್ ಹೇಳಿಕೊಟ್ಟ ಪ್ರಯೋಗವಂತೆ. ದುಡ್ಡು ದಂಡ ಎಂದು ಗೊಣಗುತ್ತಲೇ ಕೊಟ್ಟೆ. ಅಜ್ಜಿಯ ಮಂಚದ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಡೈಪರ್ ಕತ್ತರಿಸಿ, ಒಳಗಿನ ಹತ್ತಿಯಂಥದ್ದನ್ನು ಪೇಪರಿನ ಮೇಲೆ ಮೆಲ್ಲಗೆ ಕೊಡವಿದಾಗ ಸಣ್ಣ ಸಕ್ಕರೆಯಂಥ ಬಿಳಿ ಹರಳು ಉದುರಿತು. ಅದನ್ನು ಒಂದು ಚಮಚದಷ್ಟು ಲೋಟಕ್ಕೆ ಹಾಕಿ ಫಿಲ್ಟರ್ ನೀರು ಹೊಯ್ದಳು. ಕಾಮಕಸ್ತೂರಿ ಬೀಜ ನೆನೆಸಿದರೆ ಉಬ್ಬುತ್ತದಲ್ಲ, ಅದಕ್ಕಿಂತ ಎಷ್ಟೋ ಬೇಗ ಉಬ್ಬಿ, ನೀರೆಲ್ಲ ಗಂಜಿಯ ಹಾಗಾಯಿತು. ಲೋಟ ತಲೆಕೆಳಗು ಮಾಡಿದಳು. ಒಂದು ತೊಟ್ಟೂ ಬೀಳಲಿಲ್ಲ! ಆಮೇಲೆ ಎರಡು ಚಮಚ ಅಡುಗೆ ಉಪ್ಪು ಹಾಕಿ ಕದಡಿದಳು. ನೋಡುನೋಡುತ್ತಿದ್ದಂತೆ ಗಂಜಿ ಕುಗ್ಗಿ ನೀರು ಹೊರಗೆ ಬಂತು.

ಮಲಗಿದ್ದಲ್ಲಿಂದಲೇ ನೋಡುತ್ತಿದ್ದ ಅತ್ತೆಯವರು, "ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ. ಇದೇನೇ, ಉಪ್ಪು ತಿಂದು ಕುಡಿದ ನೀರನ್ನೂ ಉಗುಳ್ತಲ್ಲ!" ಅಂದು ನಕ್ಕರು. ಎಷ್ಟೋ ದಿನದ ಮೇಲೆ ಅವರು ನಕ್ಕದ್ದು.

ಈ ಪುಡಿಯ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಇದೊಂದು ಪಾಲಿಮರ್, ಅಂದರೆ ಹೂವಿನ ದಂಡೆಯ ಹಾಗೆ ಸಣ್ಣ ಸಣ್ಣ ತುಣುಕುಗಳು ಪೋಣಿಸಿಕೊಂಡ ಉದ್ದನೆಯ ಸರ. ಇಂಥ ಸರಗಳನ್ನು ಅಲ್ಲಲ್ಲಿ ಗಂಟು ಹಾಕಿ ಬಲೆಯಂತೆ ಮಾಡಿರುತ್ತಾರೆ. ನೀರು ಸೋಕಿದಾಗ ಸರದ ಮೇಲಿನ ಒಂದೇ ಬಗೆಯ ವಿದ್ಯುತ್ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಬಲೆ ಬಿಚ್ಚಿಕೊಳ್ಳುತ್ತದೆ. ಬಲೆಯೊಳಗೆ ಸೋಡಿಯಂ ಇರುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಗಂಟುಗಳಿರುವುದರಿಂದ ಬಲೆ ಕರಗಿ ಹೋಗುವುದಿಲ್ಲ, ಉಬ್ಬುತ್ತದೆ ಅಷ್ಟೇ.

ಹೊರಗಡೆಯೇ ಉಪ್ಪು ಹೆಚ್ಚಾದರೆ ಒಳಗಿನ ಸೆಳೆತ ಸಾಲದಾಗುತ್ತದೆ. ಕಣಗಳ ತಳ್ಳಾಟವೂ ತಣ್ಣಗಾಗುತ್ತದೆ. ಆಗ ಬಲೆ ಮುದುಡುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟು ಚಿರುಟಿಕೊಳ್ಳುವುದಿಲ್ಲವೇ? ಹೆಚ್ಚುಕಡಿಮೆ ಅದೇ ನ್ಯಾಯ. ಗಡಸು ನೀರಿನ ಸುಣ್ಣದ ಅಂಶವೂ ಇದಕ್ಕೆ ಆಗದು. ಅದೇ ಪುಡಿಗೆ ನಮ್ಮ ಬೋರ್‌ವೆಲ್ ನೀರು ಹಾಕಿದಾಗ ಅಷ್ಟು ಉಬ್ಬಲಿಲ್ಲ.

ಹೀಗೆ ಸುತ್ತಲಿನ ಉಪ್ಪು, ಹುಳಿ, ಬಿಸಿ ಬದಲಾದಂತೆ ತಾವೂ ಉಬ್ಬಿ ಕುಗ್ಗುವ ಪಾಲಿಮರ್‌ಗಳು ಹಲವಾರು ಇವೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜಪಾನಿನ ವಿಜ್ಞಾನಿ ತೊಯೊಯಿಚಿ ತನಾಕ, ಸುತ್ತಲಿನ ಸಣ್ಣ ಬದಲಾವಣೆಗೇ ಇಂಥ ಜೆಲ್ ಥಟ್ಟನೆ ಕುಗ್ಗಿಬಿಡಬಲ್ಲದು ಎಂದು 1978ರಲ್ಲಿ ತೋರಿಸಿದರು. ನೀರು ಹೀರುವ ಪುಡಿಯನ್ನಂತೂ ಅಮೆರಿಕದ ಕೃಷಿ ಇಲಾಖೆಯವರು ಹೊಲದ ಮಣ್ಣಿನಲ್ಲಿ ತೇವ ಉಳಿಸಲೆಂದು ಹುಡುಕಹೊರಟಿದ್ದರು. 1970ರ ದಶಕದಲ್ಲಿ ಪಿಯೋರಿಯಾ ಊರಿನ ಅವರ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಅಂಥ ಪುಡಿ ಮಾಡಿದರು. ಜಪಾನಿನಲ್ಲಿ ಅದೇ ದಶಕದ ಕೊನೆಗೆ ಹೆಂಗಸರ ಪ್ಯಾಡಿಗೂ, 1980ರ ದಶಕದಲ್ಲಿ ಮಕ್ಕಳ ಡೈಪರಿಗೂ ಇಂಥ ಪುಡಿ ಬಂತು.

ಇದೆಲ್ಲ ನಮಗೇಕೆ ಅನ್ನಬೇಡಿ, ನನ್ನ ತಪ್ಪು ನನಗೆ ಅರ್ಥವಾದದ್ದೇ ಇದರಿಂದ. ಈ ಪುಡಿ ಅಪ್ಪಟ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ನೂರಕ್ಕೆ 0.9 ಭಾಗ ಉಪ್ಪಿರುವ ನೀರಾದರೆ ಸುಮಾರು 30ರಿಂದ 50 ಪಟ್ಟು ಮಾತ್ರ. ಮೂತ್ರ ಅಪ್ಪಟ ನೀರಲ್ಲ, ಉಪ್ಪುನೀರೇ. ನೀರು ಕುಡಿಯದೆ ಮೂತ್ರ ಗಟ್ಟಿಯಾದಷ್ಟೂ ಪುಡಿಯ ಶಕ್ತಿ ಇಳಿಯುತ್ತದೆ, ಚರ್ಮಕ್ಕೆ ಉರಿ ಹೆಚ್ಚುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ಅತ್ತೆಯವರು ನನಗೆ ಉಪಕಾರವೆಂದು ಮಾಡಿದ್ದು ಅವರಿಗೇ ಅಪಕಾರವಾಗಿತ್ತು.

ಇನ್ನು ಆ ಒಣ ಮೇಲ್ಪದರ. ಅದರ ನೂಲು ಹತ್ತಿಯಂತೆ ನೀರು ಕುಡಿದು ಕೂರುವಂಥದ್ದಲ್ಲ, ಬಂದದ್ದನ್ನು ಕೆಳಕ್ಕೆ ಬಿಟ್ಟುಕೊಡುವಂತೆ ಮಾಡಿದ್ದು. ಮೇಲೆ ಒಣಗಿದೆ ಅಂದರೆ ಪದರ ತನ್ನ ಕೆಲಸ ಮಾಡಿದೆ ಎಂದರ್ಥವೇ ಹೊರತು ಒಳಗೆ ಮೈ ಬೆವರಿಲ್ಲ, ಚರ್ಮ ನೊಂದಿಲ್ಲ ಎಂದಲ್ಲ. ಮಲವಾದರಂತೂ ಪುಡಿಯಿಂದ ಏನೂ ಉಪಯೋಗವಿಲ್ಲ, ತಕ್ಷಣ ಬದಲಾಯಿಸಲೇಬೇಕು.

ಈಗ ನಮ್ಮ ಮನೆಯಲ್ಲಿ ನಡೆಸಿಕೊಂಡು ಬಂದಿರುವ ಕ್ರಮ ಹೀಗಿದೆ:

ಎರಡು–ಮೂರು ಗಂಟೆಗೊಮ್ಮೆ ತೆರೆದು ನೋಡುತ್ತೇವೆ. ಹೊರಗೆ ಮುಟ್ಟಿ ನೋಡಿದರೆ ಸಾಲದು.

ಪ್ರತಿ ಸಲ ಉಗುರುಬೆಚ್ಚನೆ ನೀರಿನಲ್ಲಿ ಒರೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸುತ್ತೇವೆ. ಉಜ್ಜಬಾರದು. ಡಾಕ್ಟರು ಕೊಟ್ಟ ಮುಲಾಮನ್ನು ತೆಳ್ಳಗೆ ಸವರಬೇಕು. ಎಣ್ಣೆ, ಮುಲಾಮು ದಪ್ಪಗೆ ಮೆತ್ತಿದರೆ ಮೇಲ್ಪದರದ ಕಂಡಿ ಮುಚ್ಚಿ ಹೀರುವುದೇ ಕಡಿಮೆಯಾಗುತ್ತದೆ.

ಹಗಲು ಒಂದು ಗಂಟೆಯಾದರೂ ಡೈಪರ್ ಇಲ್ಲದೆ, ಬಟ್ಟೆ ಹಾಸಿ ಗಾಳಿಯಾಡಲು ಬಿಡುತ್ತೇವೆ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತೇವೆ.

ಗಂಟೆಗೊಮ್ಮೆ ಅರ್ಧ ಲೋಟ ನೀರೋ ಮಜ್ಜಿಗೆಯೋ ಕೊಟ್ಟು, ಎದುರಿಗೇ ಕುಡಿಸುತ್ತೇನೆ. ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಡಾಕ್ಟರನ್ನು ಕೇಳದೆ ನೀರು ಹೆಚ್ಚಿಸಬಾರದು.

ಬಳಸಿದ್ದನ್ನು ಕಕ್ಕಸಿಗೆ ಹಾಕಬೇಡಿ, ಉಬ್ಬಿ ಪೈಪು ಕಟ್ಟಿಕೊಳ್ಳುತ್ತದೆ. ಪೇಪರಿನಲ್ಲಿ ಸುತ್ತಿ, ಬೇರೆ ಕಸದ ಜೊತೆ ಸೇರಿಸದೆ ಕೊಡಿ. ಸುತ್ತಿಯೇ ಹಾಕಬೇಕೆಂದು ಘನತ್ಯಾಜ್ಯದ 2016ರ ನಿಯಮಗಳಲ್ಲೇ ಹೇಳಿತ್ತು. ಕಸ ಬೇರ್ಪಡಿಸುವವರೂ ನಮ್ಮಂಥ ಹೆಂಗಸರೇ.

ತಾಯಂದಿರಿಗೆ ಇನ್ನೊಂದು ಎಚ್ಚರಿಕೆ. ಹೂದಾನಿಗೆ, ಮಕ್ಕಳ ಆಟಕ್ಕೆ ಅಂತ ಬಣ್ಣಬಣ್ಣದ ನೀರುಮಣಿ, ವಾಟರ್ ಬೀಡ್ಸ್, ಮಾರುತ್ತಾರಲ್ಲ, ಅವೂ ಇದೇ ಜಾತಿಯ ಪಾಲಿಮರ್. ಒಣಗಿದ್ದಾಗ ಸಾಸಿವೆಯಷ್ಟು, ನೆನೆದರೆ ಗೋಲಿಯಷ್ಟು. ಮಗು ಮಿಠಾಯಿ ಎಂದು ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳಿಗೆ ಅಡ್ಡ ನಿಲ್ಲಬಹುದು, ಪ್ರಾಣಕ್ಕೇ ಅಪಾಯ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಉಪ್ಪು ಹಾಕಿದರೆ ಕುಗ್ಗುತ್ತದೆಂದು ಓದಿ ಮಗುವಿಗೆ ಉಪ್ಪುನೀರು ಕುಡಿಸಲು ಹೋದೀರಿ, ಖಂಡಿತ ಬೇಡ! ಅದು ಬೇರೆಯೇ ಅಪಾಯ. ವಾಂತಿಯನ್ನೂ ಮಾಡಿಸಬೇಡಿ. ಉಳಿದ ಮಣಿಗಳನ್ನು ಕೈಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ, ಡಾಕ್ಟರಿಗೆ ತೋರಿಸಿ. ಚಿಕ್ಕ ಮಕ್ಕಳಿರುವ ಮನೆಗೆ ಅವನ್ನು ತರದಿರುವುದೇ ಮೇಲು.

ನಮ್ಮತ್ತೆಯವರ ಚರ್ಮ ಮೂರು ವಾರದಲ್ಲಿ ಮಾಗಿತು. ಆದರೆ ಮನಸ್ಸಿನ ಸಂಕೋಚಕ್ಕೆ ಯಾವ ಮುಲಾಮೂ ಇಲ್ಲ. ಒಂದು ದಿನ ನಾನೇ ಹತ್ತಿರ ಕೂತು ಹೇಳಿದೆ: "ಅತ್ತೆ, ನನ್ನ ಬಾಣಂತನದಲ್ಲಿ ನೀವು ನನಗೂ ಮಗೂಗೂ ಎಷ್ಟು ಬಟ್ಟೆ ಒಗೆದಿರಿ? ಆಗ ನಾನು ನೀರು ಬಿಟ್ಟಿದ್ನಾ?" ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲೋಟಕ್ಕೆ ಕೈ ಚಾಚಿದರು.

ಪುಡಿ ಎಷ್ಟು ನೀರನ್ನಾದರೂ ಹಿಡಿದಿಟ್ಟುಕೊಳ್ಳಲಿ, ತೆರೆದು ನೋಡುವ ಕೆಲಸ ನಮ್ಮದೇ. ನಿಮ್ಮ ಮನೆಯಲ್ಲಿ ಮಲಗಿರುವ ಹಿರಿಯರು ಇವತ್ತು ಎಷ್ಟು ಲೋಟ ನೀರು ಕುಡಿದರು? ಈ ಪುಟ ಮಡಿಸಿಟ್ಟು, ಒಮ್ಮೆ ಹೋಗಿ ಕೇಳಿ ಬನ್ನಿ.