ಗಿಟಾರ್ ಪೆಡಲಿಗೆ ಬೇಸ್ ಚುಚ್ಚಿದರೆ…

ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವರ ಸಂಕಟ ಬೇಸ್ ನುಡಿಸುವವರಿಗೇ ಗೊತ್ತು. ಫೋಟೋದಲ್ಲಿ ಅರ್ಧ ತಲೆ ಮಾತ್ರ ಬಂದಿರುತ್ತೆ. ಕಾರ್ಯಕ್ರಮ ಮುಗಿದ ಮೇಲೆ ಚಿಕ್ಕಮ್ಮ ಹತ್ತಿರ ಬಂದು, ‘ತುಂಬಾ ಚೆನ್ನಾಗಿತ್ತು ಕಣೋ. ಅಂದಹಾಗೆ, ನೀನು ನುಡಿಸಿದ್ದು ಯಾವುದು?’ ಅಂತ ಕೇಳ್ತಾರೆ. ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡವರಿಗೂ ಒಂದಲ್ಲ ಒಂದು ದಿನ ಪಕ್ಕದ ಗಿಟಾರಿಸ್ಟ್ ಕಾಲಬುಡದಲ್ಲಿರುವ ಬಣ್ಣಬಣ್ಣದ ಡಬ್ಬಿಗಳ ಮೇಲೆ ಕಣ್ಣು ಬೀಳುತ್ತೆ. ಅದರಲ್ಲೊಂದನ್ನು ಕಾಲಿನಿಂದ ಒತ್ತಿದರೆ ಅವನ ಗಿಟಾರ್ ಗುಡುಗುತ್ತದೆ. ನನ್ನದೂ ಗುಡುಗಿದರೆ?

ವಾರದ ಐದು ದಿನ ಲ್ಯಾಪ್‌ಟಾಪ್, ಶನಿವಾರ ಸಂಜೆ ಜ್ಯಾಮ್ ರೂಮ್ ಅನ್ನುವ ಜಾತಿಗೆ ಸೇರಿದವನು ನಾನು. ನಮ್ಮದು ಮೂರೇ ಜನರ ಬ್ಯಾಂಡ್. ಗಿಟಾರ್ ನುಡಿಸುವ ಗೆಳೆಯ ಹೊಸ ಪೆಡಲ್ ಕೊಂಡಾಗ ಅವನ ಹಳೆಯ ಓವರ್‌ಡ್ರೈವ್ ನನ್ನ ಕೈಗೆ ಬಂತು. ಮನೆಯಲ್ಲಿ ಒಬ್ಬನೇ ನುಡಿಸುವಾಗ ಮೈ ಜುಮ್ಮೆನ್ನುವ ಸದ್ದು. ಜ್ಯಾಮ್ ರೂಮಿನಲ್ಲಿ ಮೂವರೂ ಶುರು ಮಾಡಿದೆವು ನೋಡಿ, ಎರಡನೇ ಸಾಲಿಗೇ ಡ್ರಮ್ಮರ್ ಕೈ ನಿಲ್ಲಿಸಿದ. ‘ಗುರೂ, ಸದ್ದು ಬರ್ತಿದೆ, ಬೇಸ್ ಬರ್ತಿಲ್ಲ. ಕಾಲಿಡೋಕೆ ನೆಲಾನೇ ಇಲ್ಲದ ಹಾಗಾಗ್ತಿದೆ.’

ಡ್ರಮ್ಮರ್ ಹೇಳಿದ ಆ ಮಾತಿನಲ್ಲಿ ಇಡೀ ವಿಷಯ ಇದೆ. ಬೇಸ್ ಎಷ್ಟು ಕೇಳಿಸುತ್ತೆ ಅನ್ನುವುದು ನನ್ನೊಬ್ಬನ ಆಸೆಯ ಪ್ರಶ್ನೆ ಅಲ್ಲ. ಕಿಕ್ ಡ್ರಮ್ ಒತ್ತುವವನ ಪಾದ ಬೇಸಿನ ಮೇಲೆ ನಿಂತಿರುತ್ತೆ. ಅದು ಜಾರಿದರೆ ಹಾಡೇ ಜಾರುತ್ತೆ. ಹಾಗಾದರೆ ಆ ಪೆಡಲ್ ಒಳಗೆ ಬೇಸ್ ಹೋಗಿದ್ದೆಲ್ಲಿಗೆ?

ಅಲೆಯ ತಲೆ ಕತ್ತರಿಸುವ ಕಲೆ

ಡಿಸ್ಟಾರ್ಷನ್ ಪೆಡಲ್ ಮಾಡುವ ಕೆಲಸ ಬಹಳ ಸರಳ. ಬಂದ ಸಿಗ್ನಲನ್ನು ಜೋರು ಮಾಡಿ, ಅಲೆಯ ತುದಿಗಳನ್ನು ಡಯೋಡ್‌ಗಳಿಂದ ಕತ್ತರಿಸಿಬಿಡುತ್ತೆ. ನುಣ್ಣಗಿದ್ದ ಅಲೆ ಚಪ್ಪಟೆಯಾದಾಗ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಇವೇ ಹಾರ್ಮೋನಿಕ್ಸ್. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಇಡುತ್ತಾರಲ್ಲ, ಜೀವಾಳ? ಆ ದಾರ ಸರಿಯಾದ ಜಾಗಕ್ಕೆ ಬಂದ ಕ್ಷಣ ಮಂದ್ರದ ತಂತಿಯಿಂದ ಸಾವಿರ ಜೇನು ಎದ್ದ ಹಾಗೆ ಕೇಳುತ್ತೆ. ದಾರಿ ಬೇರೆ, ಆದರೆ ಅಲ್ಲೂ ನಮ್ಮ ಕಿವಿ ತುಂಬುವುದು ಹಾರ್ಮೋನಿಕ್ಸೇ.

ಬೇಸಿಗೆ ಇದರಿಂದ ದೊಡ್ಡ ಲಾಭ ಇದೆ. ನಾಲ್ಕು ತಂತಿಯ ಬೇಸಿನಲ್ಲಿ ಅತಿ ಕೆಳಗಿನ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಂದರೆ 41 ಹರ್ಟ್ಝ್. ನೀವು ಈಗ ಹಿಡಿದಿರುವ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ. ಆದರೆ 82, 123, 164 ಹೀಗೆ ಮೇಲಕ್ಕೆ ಸಾಗುವ ಹಾರ್ಮೋನಿಕ್ಸಿನಲ್ಲಿ ಒಂದಷ್ಟು ಕೇಳಿಸಿದರೂ ಸಾಕು, ನಮ್ಮ ಮಿದುಳು ಲೆಕ್ಕ ಹಾಕಿ ‘ಓ, ಇದು 41ರ ಸ್ವರ’ ಅಂತ ತಾನೇ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ಹಾಡು ಕೇಳುವಾಗ ಕೆಲವು ಹಾಡುಗಳ ಬೇಸ್ ಸ್ಪಷ್ಟವಾಗಿ, ಕೆಲವದ್ದು ಪೂರ್ತಿ ಮಾಯವಾಗಿ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಕೊಂಚ ಒರಟುತನ ಬೆರೆಸಿದ ಬೇಸ್ ಚಿಕ್ಕ ಸ್ಪೀಕರಿನಲ್ಲೂ ಬದುಕಿಕೊಳ್ಳುತ್ತೆ.

720ರ ಗೆರೆ

ಇಷ್ಟೆಲ್ಲ ಲಾಭ ಇದ್ದರೆ ನೆಲ ಮಾಯವಾಗಿದ್ದು ಯಾಕೆ? ಒಂದು ಪ್ರಸಿದ್ಧ ಉದಾಹರಣೆ ನೋಡೋಣ. ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಓವರ್‌ಡ್ರೈವ್‌ಗಳಲ್ಲೊಂದು. ಅದರೊಳಗೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್, 0.047 ಮೈಕ್ರೊಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಜೊತೆಯಾಗಿ ಕೂತಿವೆ. ಈ ಜೋಡಿ ಸುಮಾರು 720 ಹರ್ಟ್ಝ್‌ನಲ್ಲಿ ಒಂದು ಗೆರೆ ಎಳೆಯುತ್ತೆ. ಗೆರೆಯ ಮೇಲಿನವರಿಗೆ ಪೂರ್ತಿ ಗೇನ್. ಕೆಳಗಿಳಿದಂತೆಲ್ಲ ಗೇನ್ ಕಡಿಮೆ.

ಗಿಟಾರಿನ ಮಟ್ಟಿಗೆ ಇದು ಜಾಣತನ. ಮೋಟು ಸದ್ದು ಕಡಿಮೆಯಾಗಿ ಸೋಲೋ ಎದ್ದು ಕಾಣುತ್ತೆ. ಆದರೆ ಬೇಸಿನ ನಾಲ್ಕು ಖಾಲಿ ತಂತಿಗಳ ಸ್ವರ 41, 55, 73, 98. ನಾಲ್ಕೂ ನೂರರ ಒಳಗೆ! ಪೆಡಲ್ ಇವನ್ನು ನುಂಗಿಹಾಕುವುದಿಲ್ಲ, ಹೆಚ್ಚು ಎತ್ತದೆ ಹಾಗೇ ದಾಟಿಸುತ್ತದೆ. ಮಧ್ಯದ ಸದ್ದನ್ನು ಮಾತ್ರ ಹಲವು ಪಟ್ಟು ಎತ್ತಿಬಿಡುತ್ತೆ. ಸದ್ದು ಜಾಸ್ತಿಯಾಯ್ತು ಅಂತ ನಾವು ಲೆವೆಲ್ ನಾಬ್ ಇಳಿಸುತ್ತೇವೆ. ಆಗ ಅದರ ಜೊತೆಗೆ ತಳವೂ ಇಳಿಯುತ್ತೆ. ‘ಸದ್ದು ಬರ್ತಿದೆ, ಬೇಸ್ ಬರ್ತಿಲ್ಲ’ ಅಂದರೆ ಇದೇ.

ಹಾಗಾದರೆ ತಳದ ಸದ್ದನ್ನೂ ಪೂರ್ತಿ ಒಳಗೆ ಬಿಟ್ಟರಾಯ್ತಲ್ಲ ಅನ್ನಬಹುದು. ಅಲ್ಲೇ ಇರುವುದು ತಮಾಷೆ. ಕೆಳಗಿನ ಸ್ವರಗಳ ಅಲೆ ದೊಡ್ಡದು. ಅದು ಡಯೋಡಿಗೆ ಬಡಿದಾಗ ಮೇಲೆ ಸವಾರಿ ಮಾಡುತ್ತಿದ್ದ ಚಿಕ್ಕ ಅಲೆಗಳನ್ನೂ ಸೇರಿಸಿ ಕತ್ತರಿಸಿಬಿಡುತ್ತೆ. ಬೆರಳಿನ ಏಟು, ತಂತಿಯ ಲೋಹದ ಹೊಳಪು ಎಲ್ಲ ಹೋಗಿ ಕೊನೆಗೆ ಉಳಿಯುವುದು ಕೆಸರಿನಲ್ಲಿ ಚಪ್ಪಲಿ ಎಳೆದ ಸದ್ದು. ತಳ ತೆಗೆದರೆ ನೆಲ ಇಲ್ಲ, ತಳ ಕೊಟ್ಟರೆ ಕೆಸರು.

ಎರಡು ದಾರಿಯ ಉಪಾಯ

ಪರಿಹಾರ ಹಳೆಯದು. ಬೇಸನ್ನು ಎರಡು ದಾರಿಯಲ್ಲಿ ಕಳಿಸುವುದು. ಒಂದು ದಾರಿ ಪೆಡಲಿನ ಮೂಲಕ ಗುಡುಗುತ್ತಾ ಬರಲಿ, ಇನ್ನೊಂದು ಯಾವ ಪೆಡಲೂ ಮುಟ್ಟದೆ ನೇರವಾಗಿ ಬರಲಿ. ಕೊನೆಯಲ್ಲಿ ಎರಡನ್ನೂ ಬೆರೆಸಿ. 1965ರಲ್ಲಿ ಬೀಟಲ್ಸ್ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ರೆಕಾರ್ಡ್ ಮಾಡಿದಾಗ ಪಾಲ್ ಮೆಕಾರ್ಟ್ನಿ ಫಝ್ ಹಾಕಿದ ಬೇಸ್ ನುಡಿಸಿದರು. ಆದರೆ ಮಾಮೂಲಿ ಬೇಸ್ ತನ್ನ ಜಾಗದಲ್ಲಿ ಹಾಗೇ ಇತ್ತು. ಫಝ್ ಅದರ ಮೇಲೆ ಕುಣಿಯಿತು.

ಇಂದು ಬೇಸಿಗೆಂದೇ ಬರುವ ಹಲವು ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ‘ಬ್ಲೆಂಡ್’ ನಾಬ್ ಇರುವುದು ಇದಕ್ಕೇ. ಬಾಸ್ ಕಂಪನಿಯ ಒಡಿಬಿ-3ರಲ್ಲಿ ಅದರ ಹೆಸರು ‘ಬ್ಯಾಲೆನ್ಸ್’. ನಿಮ್ಮಲ್ಲಿರುವುದು ಗಿಟಾರ್ ಪೆಡಲ್ ಮಾತ್ರ ಆದರೆ ಎಲ್ಎಸ್-2ರಂಥ ಲೈನ್ ಸೆಲೆಕ್ಟರ್ ಸಾಕು. ಒಂದು ಲೂಪಿನಲ್ಲಿ ಪೆಡಲ್, ಇನ್ನೊಂದರಲ್ಲಿ ಬರೀ ತುಂಡು ಕೇಬಲ್. ಎರಡಕ್ಕೂ ಬೇರೆ ಬೇರೆ ಲೆವೆಲ್.

ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಅದೂ ಬೇಡ. ಲ್ಯಾಪ್‌ಟಾಪಿನಲ್ಲಿ ಬೇಸ್ ಟ್ರ್ಯಾಕಿನ ಒಂದು ನಕಲು ಮಾಡಿ. ನಕಲಿನಲ್ಲಿ ಸುಮಾರು 200 ಹರ್ಟ್ಝ್ ಕೆಳಗಿನದನ್ನು ಕತ್ತರಿಸಿ ಡಿಸ್ಟಾರ್ಷನ್ ಹಾಕಿ, ಮೂಲವನ್ನು ಹಾಗೇ ಬಿಡಿ. ಖರ್ಚು ಸೊನ್ನೆ.

ಒಂದು ಎಚ್ಚರಿಕೆ. ಕೆಲವು ಪೆಡಲ್‌ಗಳು ಅಲೆಯನ್ನು ತಲೆಕೆಳಗು ಮಾಡಿ ಹೊರಗೆ ಬಿಡುತ್ತವೆ. ಅಂಥದ್ದನ್ನು ನೇರ ಸಿಗ್ನಲ್ ಜೊತೆ ಬೆರೆಸಿದರೆ ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ, ಕೂಡಿಸಿ ಕಳೆದು ತಳವೇ ಮಂಗಮಾಯ. ಪರೀಕ್ಷೆ ಸುಲಭ: ಖಾಲಿ ಇ ತಂತಿ ಮೀಟಿ, ನಿಧಾನವಾಗಿ ಎರಡನ್ನೂ ಬೆರೆಸಿ. ಬೆರೆಸಿದಂತೆ ಸದ್ದು ತೆಳ್ಳಗಾದರೆ ಅದೇ ಕಾಯಿಲೆ. ಫೇಸ್ ತಿರುಗಿಸುವ ಸ್ವಿಚ್ ಇರುವ ಮಿಕ್ಸರಿನಿಂದ ಗುಣವಾಗುತ್ತೆ.

ಸ್ಪೀಕರಿನ ಕಡೆಯೂ ಒಂದು ಮಾತು. ಗಿಟಾರಿನ ಸ್ಪೀಕರ್ ಮೇಲಿನ ಕರ್ಕಶ ಸದ್ದನ್ನು ತಾನೇ ಸೋಸಿಬಿಡುತ್ತೆ. ಬೇಸ್ ಕ್ಯಾಬಿನೆಟ್ಟುಗಳಲ್ಲಿ ಹಲವಕ್ಕೆ ಟ್ವೀಟರ್ ಇರುವುದರಿಂದ ಅದೆಲ್ಲ ಜೇಡಿ ಹುಳುವಿನ ಹಾಗೆ ಜಿಯ್ಯೆನ್ನುತ್ತದೆ. ಪೆಡಲನ್ನು ಬೈಯುವ ಮೊದಲು ಟ್ವೀಟರ್ ಇಳಿಸಿ ನೋಡಿ.

ಡಬ್ಬಿ ಬಿಚ್ಚುವವರಿಗೆ

ನಾಬ್ ತಿರುಗಿಸಿ ತೃಪ್ತಿಯಾಗದವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಇರುವವರಿಗೆ ಎಸ್‌.ಪಿ. ರಸ್ತೆಯೇ ಪುಣ್ಯಕ್ಷೇತ್ರ. ಒಂದು ಕೆಪ್ಯಾಸಿಟರ್ ಬೇಕು ಅಂದರೆ ಅಂಗಡಿಯವರು ‘ಎಷ್ಟು ನೂರು ಸಾರ್?’ ಅನ್ನುವ ಧಾಟಿಯಲ್ಲಿ ನೋಡ್ತಾರೆ. ಹಾಗಾಗಿ ಬೇರೆ ಬೇರೆ ಬೆಲೆಯವು ಹತ್ತತ್ತು ತೆಗೆದುಕೊಂಡುಬಿಡಿ. ಒಂದೊಂದಕ್ಕೆ ಆಗುವುದು ಚಿಲ್ಲರೆ ಕಾಸು.

ಮೊದಲ ಬದಲಾವಣೆ ಆ 720ರ ಗೆರೆಯನ್ನು ಇಳಿಸುವುದು. ಲೆಕ್ಕ ಸುಲಭ: ಕೆಪ್ಯಾಸಿಟರ್ ಎರಡರಷ್ಟಾದರೆ ಗೆರೆ ಅರ್ಧಕ್ಕೆ ಇಳಿಯುತ್ತೆ. 0.047 ತೆಗೆದು 0.1 ಮೈಕ್ರೊಫ್ಯಾರಡ್ ಹಾಕಿದರೆ ಗೆರೆ ಸುಮಾರು 340ಕ್ಕೆ, 0.22 ಹಾಕಿದರೆ ಸುಮಾರು 155ಕ್ಕೆ ಬರುತ್ತೆ. ನನ್ನ ಪೆಡಲಿನಲ್ಲಿ ಇದೇ ಕೆಲಸ ಮಾಡುವ ಜೋಡಿ ಇತ್ತು, 0.1 ಹಾಕಿ ಅಲ್ಲೇ ನಿಲ್ಲಿಸಿದೆ. ನೇರ ಸಿಗ್ನಲ್ ಹೇಗೂ ತಳ ಹೊತ್ತುಕೊಂಡು ಬರುವಾಗ ಪೆಡಲಿನಿಂದ ನನಗೆ ಬೇಕಿದ್ದದ್ದು ಮಧ್ಯದ ಗುರುಗುರು ಮಾತ್ರ. ಪೆಡಲ್ ಒಂದನ್ನೇ ನಂಬಿ ನುಡಿಸುವವರಿಗೆ 0.22 ಹೆಚ್ಚು ಹೊಂದಬಹುದು. ಅದಕ್ಕಿಂತ ಮೇಲೆ ಹೋದಂತೆ ಆ ಕೆಸರಿನ ಕಥೆ ಶುರು.

ಎರಡನೆಯದು ಡಯೋಡ್. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೇ ಅಲೆಯ ತಲೆ ಕತ್ತರಿಸುತ್ತೆ. ಅದರ ಜಾಗದಲ್ಲಿ ಕೆಂಪು ಎಲ್ಇಡಿ ಕೂರಿಸಿದರೆ ಸುಮಾರು 1.7 ವೋಲ್ಟ್‌ವರೆಗೆ ಕಾಯುತ್ತೆ. ಸದ್ದು ದೊಡ್ಡದಾಗಿ, ಬೆರಳಿನ ಏಟಿನ ಏರಿಳಿತ ಉಳಿದುಕೊಳ್ಳುತ್ತೆ. ಮೆಲ್ಲಗೆ ನುಡಿಸಿದರೆ ಸ್ವಚ್ಛ, ಜೋರಾಗಿ ಎಳೆದರೆ ಗುರ್ ಅನ್ನುವ ಗುಣ ಬೇಸಿಗೆ ಬಹಳ ಒಪ್ಪುತ್ತದೆ.

ಕೈ ಹಾಕುವ ಮೊದಲು ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ತೆಗೆದ ಭಾಗವನ್ನು ಎಸೆಯಬೇಡಿ. ಪುಟ್ಟ ಕವರಿನಲ್ಲಿ ಹಾಕಿ ಡಬ್ಬಿಯೊಳಗೇ ಅಂಟಿಸಿ. ನಾಳೆ ಮಾರುವಾಗ ಅದು ಬೇಕಾಗುತ್ತೆ, ಮುಟ್ಟದ ಪೆಡಲಿಗೇ ಒಳ್ಳೆಯ ಬೆಲೆ. ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳಿರುವ ಬೋರ್ಡ್ ಆದರೆ ಮುಚ್ಚಿಟ್ಟುಬಿಡಿ, ಅದು ಹೊಸಬರ ಕೆಲಸ ಅಲ್ಲ. ಪಿನ್ ಕೂರುತ್ತೆ ಅಂತ ಮನೆಯ ರೂಟರಿನ ಅಡಾಪ್ಟರ್ ಚುಚ್ಚಬೇಡಿ. ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್, ನಡುವಿನ ಪಿನ್ ಮೈನಸ್; ರೂಟರಿನದ್ದು ಸಾಮಾನ್ಯವಾಗಿ ಉಲ್ಟಾ. ಎಲ್ಲಕ್ಕಿಂತ ಮುಖ್ಯ, ಈ ಧೈರ್ಯ 9 ವೋಲ್ಟಿನ ಡಬ್ಬಿಗೆ ಮಾತ್ರ. ವಾಲ್ವ್ ಆಂಪ್ ಒಳಗೆ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅದರ ಮುಚ್ಚಳ ಮುಟ್ಟಬೇಡಿ.

ಮೊದಲ ಗುಡುಗು ಯಾರದು?

‘ಗಿಟಾರಿನವರ ಸಾಮಾನು ನಿನಗ್ಯಾಕೆ?’ ಅಂತ ಯಾರಾದರೂ ಕೇಳಿದರೆ ಈ ಕಥೆ ಹೇಳಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡು ರೆಕಾರ್ಡ್ ಆಗುವಾಗ ಕನ್ಸೋಲಿನ ಒಂದು ಚಾನೆಲ್ ಕೆಟ್ಟಿತ್ತು. ಅದರ ಮೂಲಕ ಬಂದ ವಾದ್ಯದ ಸದ್ದು ಹರಿದು ಚಿಂದಿಯಾಯಿತು. ಆ ಸದ್ದನ್ನು ಹಾಗೇ ಉಳಿಸಿಕೊಂಡರು, 1961ರಲ್ಲಿ ಹಾಡು ಹಿಟ್ ಆಯಿತು. ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದನ್ನು ಡಬ್ಬಿಯೊಳಗೆ ಕೂರಿಸುವ ದಾರಿ ಹುಡುಕಿದರು. 1962ರಲ್ಲಿ ಅದು ಮೇಸ್ಟ್ರೊ ಫಝ್-ಟೋನ್ ಆಗಿ ಮಾರುಕಟ್ಟೆಗೆ ಬಂತು. ಅಂದು ಸ್ಟುಡಿಯೋದಲ್ಲಿ ಗ್ರೇಡಿ ಮಾರ್ಟಿನ್ ಕೈಯಲ್ಲಿ ಇದ್ದದ್ದು ಏನು ಗೊತ್ತಾ? ಆರು ತಂತಿಯ ಬೇಸ್!

ಈಗ ನಮ್ಮ ಮೂರು ಜನರ ಬ್ಯಾಂಡಿನಲ್ಲಿ ಆ ಪೆಡಲಿಗೆ ಒಂದು ನಿಶ್ಚಿತ ಕೆಲಸ ಇದೆ. ಗಿಟಾರಿಸ್ಟ್ ಸೋಲೋಗೆ ಹೊರಟ ಕ್ಷಣ ಕೆಳಗೆ ಕಾರ್ಡ್ ಹಿಡಿಯುವವರು ಯಾರೂ ಉಳಿಯುವುದಿಲ್ಲ, ಹಾಡಿನ ಹೊಟ್ಟೆ ಖಾಲಿ. ಆಗ ನಾನು ಪೆಡಲ್ ಒತ್ತುತ್ತೇನೆ. ನೇರ ಬೇಸ್ ನೆಲ ಹಿಡಿದಿರುತ್ತೆ, ಗುಡುಗು ಆ ಖಾಲಿ ಜಾಗ ತುಂಬುತ್ತೆ. ಸೋಲೋ ಮುಗಿದ ತಕ್ಷಣ ಆಫ್.

ನಿಮ್ಮ ಸದ್ದು ಸರಿಯಾಗಿದೆಯಾ ಅಂತ ತಿಳಿಯಲು ಆಂಪ್ ಮುಂದೆ ನಿಂತು ಕೇಳಬೇಡಿ. ಫೋನನ್ನು ರೂಮಿನ ಇನ್ನೊಂದು ತುದಿಯಲ್ಲಿಟ್ಟು ಪೂರ್ತಿ ಬ್ಯಾಂಡಿನ ಜೊತೆ ರೆಕಾರ್ಡ್ ಮಾಡಿ. ಒಂದು ಸಲ ಫೋನಿನ ಸ್ಪೀಕರಿನಲ್ಲೇ ಕೇಳಿ: ಸ್ವರ ಗುರುತು ಸಿಗುತ್ತಾ? ಇನ್ನೊಂದು ಸಲ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ: ಪೆಡಲ್ ಒತ್ತಿದಾಗ ತಳ ಕುಸಿಯುತ್ತಾ? ಎರಡರಲ್ಲೂ ಪಾಸಾದರೆ ಡ್ರಮ್ಮರ್ ಮುಖ ನೋಡಿ. ಅವರು ಪೆಡಲಿನ ಬಗ್ಗೆ ಏನೂ ಹೇಳದೆ ಮುಂದಿನ ಹಾಡಿಗೆ ಕೌಂಟ್ ಕೊಟ್ಟರೆ, ಕೆಲಸ ಆಯ್ತು ಅಂತಲೇ ಅರ್ಥ.