ಕೂಲಿಯೋ, ಕೊಡುಗೆಯೋ?

ನಮ್ಮ ಪರಿಚಯದ ಒಂದು ಕ್ರೈಸ್ತ ಕುಟುಂಬದಲ್ಲಿ ನಡೆದ ಸಂಗತಿಯಿದು. ಆ ಮನೆಯ ಹಿರಿಯ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಫಲಿತಾಂಶವನ್ನು ತಿಳಿದವನು ಮನೆಗೆ ಬಾರದೆ, ಊರ ಹೊರಗಣ ಕೆರೆಯ ಏರಿಯ ಮೇಲೆ ಹೊತ್ತು ಮುಳುಗುವವರೆಗೂ ಕುಳಿತುಬಿಟ್ಟನು. ದೀಪ ಹಚ್ಚುವ ಹೊತ್ತಾದರೂ ಮಗನು ಬಾರದಿರಲು ತಾಯಿಗೆ ಕಳವಳ ಹತ್ತಿತು. ತಂದೆಯವರು ಲಾಂದ್ರವನ್ನು ಹಿಡಿದು ಹುಡುಕುತ್ತ ಹೊರಟರು. ಏರಿಯ ಮೇಲೆ ಅವನನ್ನು ಕಂಡು, "ಮನೆಗೇಕೆ ಬರಲಿಲ್ಲ ಮಗು?" ಎಂದು ಕೇಳಿದಾಗ, "ಯಾವ ಮುಖವನ್ನಿಟ್ಟುಕೊಂಡು ಬರಲಪ್ಪಾ?" ಎಂದು ಹುಡುಗನು ಅತ್ತನಂತೆ. ಅದಕ್ಕೆ ತಂದೆಯವರು, "ನೀನು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈ ಮನೆಯ ಮಗನಾದೆ, ಹೇಳು. ಏಳು, ನಿನ್ನ ತಾಯಿ ಉಣ್ಣದೆ ಕಾದಿದ್ದಾಳೆ" ಎಂದರಂತೆ.

ಈ ಮಾತನ್ನು ಕೇಳಿದಂದಿನಿಂದ ನಾವು ಅದನ್ನು ಮರೆತಿಲ್ಲ. ಏಕೆಂದರೆ ಆ ಬಾಲಕನ ಮನಸ್ಸಿನಲ್ಲಿದ್ದ ತಪ್ಪು ತಿಳಿವಳಿಕೆಯೇ ವಯಸ್ಸಾದ ನಮ್ಮಲ್ಲನೇಕರ ಮನಸ್ಸಿನಲ್ಲಿಯೂ ಬೇರೂರಿದೆ. ಕ್ರೈಸ್ತನೆಂದರೆ ಯಾರು ಎಂದು ಕೇಳಿದರೆ, ಸುಳ್ಳಾಡದವನು, ಮದ್ಯ ಮುಟ್ಟದವನು, ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವನು, ದಿನದಿನಕ್ಕೆ ತನ್ನನ್ನು ತಿದ್ದಿಕೊಳ್ಳುವವನು ಎಂದು ಉತ್ತರ ಕೊಡುತ್ತೇವೆ. ಇವೆಲ್ಲವೂ ಒಳ್ಳೆಯವೇ. ಆದರೆ ಇವುಗಳನ್ನು ಕೂಡಿದ ಮೊತ್ತದಿಂದ ಒಬ್ಬನು ದೇವರ ಮಗನಾಗುವನೆಂದು ನಂಬಿದರೆ, ಮಗನ ಸ್ಥಾನವನ್ನು ನಾವು ಕೂಲಿಯೆಂದು ಎಣಿಸಿದಂತಾಯಿತು. ಕೂಲಿಗೆ ಲೆಕ್ಕವುಂಟು, ಲೆಕ್ಕ ತಪ್ಪಿದ ದಿನ ಕೆರೆಯ ಏರಿಯೇ ಗತಿ.

ಈ ವಿಷಯವನ್ನು ತನ್ನ ಬಾಳಿನಿಂದಲೇ ಕಲಿತ ಒಬ್ಬ ಮಹನೀಯನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ. ಇಂಗ್ಲೆಂಡಿನ ಜಾನ್ ವೆಸ್ಲಿಯ ಹೆಸರು ನಮ್ಮ ನಾಡಿಗೆ ಹೊಸದಲ್ಲ. ಆ ಹೆಸರನ್ನು ಹೊತ್ತ ಮಿಷನ್ನಿನವರು 19ನೆಯ ಶತಮಾನದಲ್ಲಿ ಬೆಂಗಳೂರು, ಮೈಸೂರು, ತುಮಕೂರು ಮುಂತಾದೆಡೆಗಳಲ್ಲಿ ಸಭೆಗಳನ್ನೂ ಶಾಲೆಗಳನ್ನೂ ಕಟ್ಟಿದರು. ಆ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಕೂಡಿಕೊಂಡವು.

ವೆಸ್ಲಿಯು 1703ರಲ್ಲಿ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ ಹುಟ್ಟಿದನು. ತಾಯಿ ಸುಸಾನಳು 19 ಮಕ್ಕಳನ್ನು ಹೆತ್ತವಳು. ಅವರಲ್ಲಿ ಅನೇಕರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದ ಮಕ್ಕಳೊಡನೆ ಒಬ್ಬೊಬ್ಬರಾಗಿ ಮಾತನಾಡುವುದಕ್ಕೆ ಆಕೆ ವಾರದ ಒಂದೊಂದು ಸಂಜೆಯನ್ನು ಮೀಸಲಿಟ್ಟಿದ್ದಳು. ಜಾನನ ಪಾಲಿಗೆ ಗುರುವಾರ ಬಂದಿತ್ತು. ಇಂಥ ಮನೆಯಲ್ಲಿ ಬೆಳೆದವನು ಆಕ್ಸ್‌ಫರ್ಡಿನಲ್ಲಿ ಓದಿ, 1728ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದನು.

ಅಲ್ಲಿ ಆತನೂ ಆತನ ತಮ್ಮನಾದ ಚಾರ್ಲ್ಸನೂ ಕೆಲವು ಮಂದಿ ಗೆಳೆಯರೂ ಸೇರಿ ನಡೆಯಿಸಿದ ಕಟ್ಟುನಿಟ್ಟಾದ ಜೀವನವನ್ನು ನೋಡಿ ಉಳಿದ ವಿದ್ಯಾರ್ಥಿಗಳು ನಗುತ್ತಿದ್ದರು. ಬುಧವಾರ ಶುಕ್ರವಾರಗಳಲ್ಲಿ ಉಪವಾಸ, ಸೆರೆಮನೆಯಲ್ಲಿದ್ದವರ ಭೇಟಿ, ಬಡವರಿಗೆ ದಾನ. ವೆಸ್ಲಿಯು ತನ್ನ ದಿನದ ಒಂದೊಂದು ಗಂಟೆಯನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದನು. ವರ್ಷಕ್ಕೆ 30 ಪೌಂಡು ವರಮಾನವಿದ್ದಾಗ 28 ಪೌಂಡಿನಲ್ಲಿ ಜೀವಿಸಿ 2 ಪೌಂಡನ್ನು ಕೊಟ್ಟುಬಿಟ್ಟನು. ವರಮಾನವು 60ಕ್ಕೆ ಏರಿದಾಗಲೂ ಅದೇ 28ರಲ್ಲಿ ಜೀವಿಸಿ 32 ಪೌಂಡನ್ನು ದಾನಮಾಡಿದನು. ತನ್ನನ್ನು ತಾನು ತಿದ್ದಿಕೊಳ್ಳುವುದರಿಂದ ಒಬ್ಬನು ದೇವರ ಮಗನಾಗಬಹುದಾಗಿದ್ದರೆ, ವೆಸ್ಲಿಯು ಎಂದೋ ಆಗಿರಬೇಕಾಗಿತ್ತು. ಆದರೆ ಇಷ್ಟೆಲ್ಲ ಮಾಡಿದರೂ ಆತನ ಒಳಗಿನ ಅಂಜಿಕೆಯು ಹೋಗಲೊಲ್ಲದು.

1735ರಲ್ಲಿ ಆತನು ಅಮೆರಿಕದ ಜಾರ್ಜಿಯಾ ಎಂಬ ವಸಾಹತಿಗೆ ಬೋಧಕನಾಗಿ ಹಡಗು ಹತ್ತಿದನು. ಅದೇ ಹಡಗಿನಲ್ಲಿ ಮೊರೇವಿಯ ಸಭೆಗೆ ಸೇರಿದ ಕೆಲವು ಜರ್ಮನರೂ ಇದ್ದರು. 1736ರ ಜನವರಿಯಲ್ಲಿ ಭಯಂಕರವಾದ ಬಿರುಗಾಳಿಯೆದ್ದು, ಹಡಗಿನ ದೊಡ್ಡ ಹಾಯಿಯು ಹರಿದುಹೋಗಿ, ಅಲೆಗಳು ಮೇಲಿಂದ ಮೇಲೆ ನುಗ್ಗಿದವು. ಇಂಗ್ಲಿಷರು ಕಿರಿಚಿಕೊಂಡರು. ಜರ್ಮನರು ಮಾತ್ರ ತಾವು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಗಾಳಿ ತಗ್ಗಿದ ಮೇಲೆ ವೆಸ್ಲಿಯು ಅವರಲ್ಲೊಬ್ಬನನ್ನು, ನಿಮ್ಮ ಹೆಂಗಸರಿಗೂ ಮಕ್ಕಳಿಗೂ ಭಯವಾಗಲಿಲ್ಲವೇ ಎಂದು ಕೇಳಿದ್ದಕ್ಕೆ, ಸಾಯುವುದಕ್ಕೆ ಅವರೂ ಅಂಜುವುದಿಲ್ಲವೆಂದು ಅವನು ಶಾಂತವಾಗಿ ಉತ್ತರ ಕೊಟ್ಟನು. ಉಪವಾಸ, ದಿನಚರಿ, ದಾನಗಳು ತನಗೆ ಕೊಡದ ಯಾವುದೋ ಒಂದು ವಸ್ತುವು ಈ ಸಾಮಾನ್ಯ ಜನರ ಕೈಯಲ್ಲಿರುವುದೆಂದು ವೆಸ್ಲಿಗೆ ಅಂದು ತಿಳಿಯಿತು.

ಜಾರ್ಜಿಯಾದಲ್ಲಿ ಆತನ ಕೆಲಸವು ಸಫಲವಾಗಲಿಲ್ಲ. 1738ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಮರಳಿ ಬಂದಾಗ, ಪರರನ್ನು ತಿರುಗಿಸಲು ಹೋದ ತಾನೇ ಇನ್ನೂ ದೇವರ ಕಡೆಗೆ ತಿರುಗಿಲ್ಲವೆಂದು ತನ್ನ ದಿನಚರಿಯಲ್ಲಿ ಒಪ್ಪಿಕೊಂಡನು. ಆತನಿಗಾಗ 34 ವರ್ಷ.

ಆ ವರ್ಷದ ಮೇ 24ರ ಸಂಜೆ, ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಕೂಡಿದ್ದ ಒಂದು ಚಿಕ್ಕ ಪ್ರಾರ್ಥನಾಕೂಟಕ್ಕೆ ಆತನು ಒಲ್ಲದ ಮನಸ್ಸಿನಿಂದಲೇ ಹೋದನು. ಅಲ್ಲಿ ಯಾರೋ ಒಬ್ಬರು, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರನು 1522ರಲ್ಲಿ ಬರೆದ ಪೀಠಿಕೆಯನ್ನು ಓದುತ್ತಿದ್ದರು. ಒಂಬತ್ತಕ್ಕೆ ಕಾಲುಗಂಟೆಯಿರುವಾಗ, ಕೇಳುತ್ತ ಕುಳಿತಿದ್ದ ವೆಸ್ಲಿಯ ಹೃದಯವು ಅಪೂರ್ವವಾದ ರೀತಿಯಲ್ಲಿ ಬೆಚ್ಚಗಾಯಿತು. ತನ್ನ ರಕ್ಷಣೆಗೆ ಕ್ರಿಸ್ತನೊಬ್ಬನೇ ಸಾಕೆಂಬ ಭರವಸೆಯೂ, ಆತನು ತನ್ನ ಪಾಪಗಳನ್ನೇ, ಹೌದು, ತನ್ನವನ್ನೇ ತೆಗೆದುಹಾಕಿದನೆಂಬ ನಿಶ್ಚಯವೂ ಉಂಟಾದವು. ಆ ದಿನ ವೆಸ್ಲಿಯು ಹೊಸ ಸುಕೃತವನ್ನೇನೂ ಮಾಡಿರಲಿಲ್ಲ. ಕುಳಿತು ಕೇಳಿದನು, ಕೊಟ್ಟದ್ದನ್ನು ತೆಗೆದುಕೊಂಡನು. ಅಷ್ಟೇ.

ಇದಾದ ಮೇಲೆ ಆತನಿಗೆ ಸಂದೇಹಗಳೇ ಹುಟ್ಟಲಿಲ್ಲವೆಂದು ತಿಳಿಯಬಾರದು. 1739ರ ಜನವರಿಯಲ್ಲಿಯೇ ತಾನು ಕ್ರೈಸ್ತನಲ್ಲವೆಂದು ಆತನು ಬರೆದುಕೊಂಡದ್ದುಂಟು. ಮನಸ್ಸಿನ ಬಿಸುಪು ಏರಿದಂತೆ ಇಳಿಯಲೂಬಹುದು. ಲಾಂದ್ರವು ಮಂಕಾದ ಮಾತ್ರಕ್ಕೆ ಮನೆಯು ಇಲ್ಲದೆ ಹೋಗುವುದಿಲ್ಲ. ಕಾಲಾನಂತರದಲ್ಲಿ ತನ್ನ ಹಳೆಯ ದಿನಚರಿಯನ್ನು ತಿರುವಿಹಾಕಿ ಟಿಪ್ಪಣಿಗಳನ್ನು ಸೇರಿಸಿದಾಗ, ಆ ಹಿಂದಿನ ದಿನಗಳಲ್ಲಿ ತನಗಿದ್ದದ್ದು ಆಳಿನ ನಂಬಿಕೆ, ಮಗನ ನಂಬಿಕೆಯಲ್ಲ ಎಂದು ವೆಸ್ಲಿಯು ಬರೆದನು. ಇಡೀ ಸಂಗತಿಯು ಈ ಒಂದು ಮಾತಿನಲ್ಲಿದೆ. ಆಳೂ ಅದೇ ಮನೆಯಲ್ಲಿರುತ್ತಾನೆ, ಅದೇ ಯಜಮಾನನ ಕೆಲಸವನ್ನು ಮಾಡುತ್ತಾನೆ. ಆದರೆ ಸಂಜೆಯಾದರೆ ಲೆಕ್ಕ ಒಪ್ಪಿಸುವ ಅಂಜಿಕೆ ಅವನಿಗೆ ತಪ್ಪದು.

ಪೌಲನು ಗಲಾತ್ಯದವರಿಗೆ ಬರೆಯುವಾಗ ಇದೇ ಭೇದವನ್ನು ದತ್ತುಪುತ್ರನ ಉಪಮೆಯಿಂದ ವಿವರಿಸುತ್ತಾನೆ. ರೋಮಿನ ಕಾನೂನಿನಲ್ಲಿ ದತ್ತುಹೋದವನಿಗೆ ಹೊಸ ತಂದೆಯ ಹೆಸರೂ ಆಸ್ತಿಯ ಹಕ್ಕೂ ದೊರೆಯುತ್ತಿದ್ದವು. ದತ್ತು ತೆಗೆದುಕೊಳ್ಳುವುದೆಂದರೇನೆಂಬುದು ನಮ್ಮವರಿಗೂ ಚೆನ್ನಾಗಿ ಗೊತ್ತು. ಮಗುವು ಆ ಮನೆಯ ನಡೆನುಡಿಗಳನ್ನು ಕಲಿತು ತೋರಿಸಿದ ಮೇಲೆ ಅದನ್ನು ದತ್ತು ತೆಗೆದುಕೊಳ್ಳುವರೇ? ಮೊದಲು ಮಡಿಲಿಗೆ ಹಾಕಿಕೊಳ್ಳುವರು. ನಡೆನುಡಿಗಳನ್ನು ಆಮೇಲೆ, ಊಟದ ಪಂಕ್ತಿಯಲ್ಲಿ ಕೂರಿಸಿಕೊಂಡೇ, ಕಲಿಸುವರು. ಕ್ರೈಸ್ತನೆಂಬ ಹೆಸರೂ ಹೀಗೆಯೇ ಬಂದದ್ದು. ಅದು ಕೃಪೆಯ ಕೊಡುಗೆ.

ಹಾಗಾದರೆ ಒಳ್ಳೆಯ ನಡತೆಗೆ ಬೆಲೆಯಿಲ್ಲವೇ, ಕೃಪೆಯ ಹೆಸರಿನಲ್ಲಿ ಜನರು ಸೋಮಾರಿಗಳಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ಪೌಲನ ಕಾಲದಲ್ಲಿಯೇ ಹುಟ್ಟಿತ್ತು; ಪತ್ರಿಕೆಯಲ್ಲಿ ಅದನ್ನು ತಾನೇ ಎತ್ತಿ ತಾನೇ ಅಲ್ಲಗಳೆದಿದ್ದಾನೆ. ವೆಸ್ಲಿಯ ಮುಂದಿನ ಜೀವನವೇ ಇದಕ್ಕೆ ಸಾಕ್ಷಿ. ಆತನು ಮುಂಜಾನೆ ನಾಲ್ಕಕ್ಕೆ ಏಳುವುದನ್ನೂ ಬಿಡಲಿಲ್ಲ, ಕೊಡುವುದನ್ನೂ ಬಿಡಲಿಲ್ಲ. 1739ರಿಂದ ಬಯಲಿನಲ್ಲಿ ನಿಂತು ಗಣಿಯ ಕೂಲಿಕಾರರಿಗೂ ಬಡವರಿಗೂ ಬೋಧಿಸುತ್ತ, ಕುದುರೆಯ ಮೇಲೆ ದೇಶವನ್ನೆಲ್ಲ ಸುತ್ತಿ, 1791ರಲ್ಲಿ ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಾಡಿದ ಕೆಲಸಗಳು ಹಿಂದಿನವೇ. ಹಿಂದೆ ಮಗನಾಗುವುದಕ್ಕಾಗಿ ಮಾಡುತ್ತಿದ್ದನು. ಈಗ ಮಗನಾದುದರಿಂದ ಮಾಡಿದನು. ಹಣ್ಣುಗಳನ್ನು ದಾರದಿಂದ ಕಟ್ಟಿದರೆ ಒಣಕೊಂಬೆಯು ಮರವಾಗದು. ಬೇರಿಗೆ ನೀರು ಸಿಕ್ಕಿದ ಮರವು ಕಾಲಕ್ಕೆ ಸರಿಯಾಗಿ ತಾನೇ ಹಣ್ಣು ಬಿಡುವುದು.

ಕೆರೆಯ ಏರಿಯ ಹುಡುಗನ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಆ ರಾತ್ರಿ ಅವನು ತಾಯಿ ಬಡಿಸಿದ್ದನ್ನು ಉಂಡು ಮಲಗಿದನು. ಮರುದಿನ ಮುಂಜಾನೆ ಕತ್ತಲೆಯಿರುವಾಗಲೇ ತಂದೆಯವರು ಅದೇ ಲಾಂದ್ರವನ್ನು ಹೊತ್ತಿಸಿ, ಮಗನನ್ನು ಎಬ್ಬಿಸಿ, ಗಣಿತದ ಪುಸ್ತಕವನ್ನು ಮುಂದಿಟ್ಟು, ತಾವೂ ಪಕ್ಕದಲ್ಲಿ ಕುಳಿತರಂತೆ. ಆ ಹುಡುಗನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ಓದಿರಲಿಲ್ಲವೆಂದು ತಾಯಿಯೇ ನಮಗೆ ಹೇಳಿದರು.

ನಮ್ಮ ವಾಚಕರ ಮನೆಗಳಲ್ಲಿ ಇಂಥ ಸಂಜೆಗಳು ಬಾರದಿರವು. ಮಗುವಿನ ಅಂಕಪಟ್ಟಿಯನ್ನು ಕೇಳುವುದಕ್ಕೆ ಮೊದಲು ಅದಕ್ಕೆ ಊಟ ಬಡಿಸೋಣ. ಹಾಗೆಯೇ, ದಿನದ ತಪ್ಪುಗಳನ್ನೆಲ್ಲ ಎಣಿಸಿಕೊಂಡು ಪ್ರಾರ್ಥನೆಗೆ ಮುಖವಿಲ್ಲವೆಂದು ದೂರ ಕುಳಿತ ರಾತ್ರಿ, ಲಾಂದ್ರ ಹಿಡಿದು ನಮ್ಮನ್ನೂ ಹುಡುಕಿಕೊಂಡು ಬರುವ ತಂದೆಯೊಬ್ಬನುಂಟೆಂಬುದನ್ನು ನೆನೆದು, ಎದ್ದು ಮನೆಗೆ ಹೋಗೋಣ.