ಶೇಷವನ್ನು ಮರೆಯದಿರೋಣ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೊಳಗೊಂಡ ನಮ್ಮ ಶೈಕ್ಷಣಿಕ ಜಿಲ್ಲೆಯ ಮಕ್ಕಳು ಇಂದು ಗಣಕಯಂತ್ರದ ಭಾಷೆಗಳನ್ನು ಕಲಿಯಹೊರಟಿರುವುದು ಸಂತೋಷದ ಸಂಗತಿ. ಆದರೆ ಯಂತ್ರವು ತೋರಿದ ಉತ್ತರವೇ ಪರಮಸತ್ಯವೆಂಬ ಭಾವನೆ ಅವರಲ್ಲಿ ಬೇರೂರಬಾರದು. ಇದಕ್ಕೆ ಪೂರ್ಣಾಂಕಗಳ ಭಾಗಾಕಾರವೊಂದೇ ಸಾಕಾದ ನಿದರ್ಶನ.

ಏಳನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 1. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಋಣ ಏಳನ್ನು ಭಾಗಿಸುವಾಗಲಾದರೋ ಹಾದಿ ಕವಲೊಡೆಯುತ್ತದೆ. ಸಿ, ಜಾವಾ ಭಾಷೆಗಳು ಭಿನ್ನಾಂಶವನ್ನು ಕತ್ತರಿಸಿ ಭಾಗಲಬ್ಧ -3, ಶೇಷ -1 ಎನ್ನುತ್ತವೆ. ಪೈಥಾನ್ ಭಾಷೆಯು ಕೆಳಗಿನ ಪೂರ್ಣಾಂಕಕ್ಕಿಳಿದು ಭಾಗಲಬ್ಧ -4, ಶೇಷ 1 ಎನ್ನುತ್ತದೆ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಎರಡರಲ್ಲಿಯೂ ಭಾಜ್ಯವೇ ದೊರೆಯುವುದರಿಂದ ಯಾವುದನ್ನೂ ತಪ್ಪೆನ್ನಲಾಗದು. ಸಿ ಭಾಷೆಯ 1989ರ ಪ್ರಮಾಣಗ್ರಂಥವು ಈ ನಿರ್ಣಯವನ್ನು ಆಯಾ ತಂತ್ರಾಂಶ ನಿರ್ಮಾಪಕರಿಗೇ ಬಿಟ್ಟಿತ್ತು. 1999ರಲ್ಲಿ ಅದು ನಿಷ್ಕರ್ಷೆಯಾಯಿತು.

ಇದು ಬರಿಯ ಪಂಡಿತಚರ್ಚೆಯಲ್ಲ. ಭಾನುವಾರವನ್ನು 0, ಸೋಮವಾರವನ್ನು 1 ಎಂದೆಣಿಸಿ, ಸೋಮವಾರಕ್ಕೆ ಮೂರು ದಿನ ಮುಂಚೆ ಯಾವ ವಾರವೆಂದು ಕೇಳೋಣ. ಒಂದರಲ್ಲಿ ಮೂರು ಕಳೆದರೆ -2. ಅದನ್ನು ಏಳರಿಂದ ಭಾಗಿಸಿ ಪೈಥಾನ್ ಶೇಷ 5, ಅಂದರೆ ಶುಕ್ರವಾರವೆಂದು ಸರಿಯಾಗಿ ಹೇಳುತ್ತದೆ. ಸಿ ಭಾಷೆಯ ಶೇಷ -2. ಅಂತಹ ವಾರ ಯಾವ ಪಂಚಾಂಗದಲ್ಲಿಯೂ ಇಲ್ಲ! ಅದಕ್ಕೆ ಏಳನ್ನು ಕೂಡಿಸಿಕೊಳ್ಳುವ ವಿವೇಕ ಬರೆಯುವವನದೇ.

ಪ್ರೌಢಶಾಲೆಗೆ ಇದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಶೇಷವೆಂದರೇನೆಂದು ಬಲ್ಲ ಮಗು ಇದನ್ನೂ ಗ್ರಹಿಸಬಲ್ಲುದು. ಒಂದೇ ಭಾಷೆಯನ್ನು ಬಲ್ಲ ಅಧ್ಯಾಪಕರು, ಇನ್ನೊಂದು ಭಾಷೆಯ ನಿಯಮದಂತೆ ಸರಿಯಾಗಿ ಉತ್ತರಿಸಿದ ವಿದ್ಯಾರ್ಥಿಗೆ ತಪ್ಪು ಗುರುತು ಹಾಕಿದರೆ, ಅಳಿಯುವುದು ಒಂದು ಅಂಕವಲ್ಲ, ಆತನ ಆತ್ಮವಿಶ್ವಾಸ. ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಧನ-ಋಣಗಳ ಭಾಗಾಕಾರಕ್ಕೆ ನಿಯಮ ಹೇಳಿ ಹನ್ನೊಂದು ಶತಮಾನಗಳೇ ಸಂದಿವೆ. ಅಂತಹ ನಾಡಿನ ಮಕ್ಕಳು ನಿಯಮವನ್ನರಿಯದೆ ಗುಂಡಿಯೊತ್ತುವವರಾಗಬಾರದು.

ಆದುದರಿಂದ ಅಧ್ಯಾಪಕ ಬಂಧುಗಳು ಮೊದಲು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿ, ಅನಂತರವೇ ಯಂತ್ರವನ್ನು ಪ್ರಶ್ನಿಸಲು ಕಲಿಸಲಿ. ಬೆಂಗಳೂರಿನಲ್ಲಿ ಇದೇ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವಾದರೂ ಬಂದು ಪಾಠ ಹೇಳಲಿ. ದಾನಿಗಳು ಯಂತ್ರಗಳನ್ನು ಕೊಟ್ಟು ಉಪಕರಿಸಿದಂತೆ ಅಧ್ಯಾಪಕರ ತರಬೇತಿಗೂ ನೆರವಾಗಲಿ. ಯಂತ್ರ ಹಳೆಯದಾಗಿ ಮೂಲೆ ಸೇರಿದ ಮೇಲೂ ಶೇಷವಾಗಿ ಉಳಿಯುವುದು ತಿಳಿವಳಿಕೆಯೊಂದೇ.